ನಾನು ಹೆರೆದು ತೆಗೆದ ಹೆಸರು

ಗಂಗವ್ವನ ಮಗಳ ಹೆಸರನ್ನು ಕಲ್ಲಿನ ಮೇಲಿಂದ ಹೆರೆದು ತೆಗೆದವನು ನಾನು. ಅಷ್ಟೇ ಆಗಿದ್ದರೆ ಕೈತಪ್ಪು ಎನ್ನಬಹುದಿತ್ತು. ಆದರೆ ಆಮೇಲೆ ಮಾಡಿದ್ದು ಯಾವುದೂ ಕೈತಪ್ಪಲ್ಲ. ಗೊತ್ತಿದ್ದು ಗೊತ್ತಿದ್ದೇ ಮಾಡಿದೆ, ಅದೂ ಒಮ್ಮೆಯಲ್ಲ. ಹದಿನಾಲ್ಕು ವರ್ಷ ಅದನ್ನು ಹೊಟ್ಟೆಯಲ್ಲಿ ಇಟ್ಟುಕೊಂಡು ಉಂಡೆ, ತಿರುಗಾಡಿದೆ, ಮಕ್ಕಳ ಮದುವೆ ಮಾಡಿದೆ. ಈಗ ಬರೆಯುತ್ತಿದ್ದೇನೆ — ಯಾಕೆ ಈಗ ಎಂಬುದನ್ನೂ ಹೇಳುತ್ತೇನೆ. ಅದರಲ್ಲೂ ನಾನು ಎದೆ ಉಬ್ಬಿಸುವಂಥದ್ದು ಏನಿಲ್ಲ.

ನನ್ನ ಹೆಸರು ದಸ್ತಗೀರ. ಚಿಕ್ಕೋಡಿಯಲ್ಲಿ ಕಲ್ಲಿನ ಕೆಲಸ ಮಾಡುತ್ತೇನೆ. ಮನೆಯ ಬಾಗಿಲಿಗೆ ಹೆಸರಿನ ಫಲಕ, ಕಟ್ಟಡಕ್ಕೆ ಅಡಿಗಲ್ಲು, ಗೋರಿಗೆ ಕಲ್ಲು — ಕನ್ನಡ, ಮರಾಠಿ, ಉರ್ದು, ಯಾವುದರಲ್ಲಿ ಕೇಳಿದರೂ ಕೆತ್ತಿಕೊಡುತ್ತೇನೆ. ಆದರೆ ಸುತ್ತಲಿನ ಊರಿನವರು ನನ್ನನ್ನು ಗುರುತಿಸುತ್ತಿದ್ದದ್ದು ಕೈಯಿಂದಲ್ಲ, ನನ್ನ ರಂದಾ ಮಷೀನಿನಿಂದ. ಬಡಿಗನ ರಂದಾ ಕಟ್ಟಿಗೆಯನ್ನು ಹೆರೆಯುವ ಹಾಗೆ ಇದು ಪಾಟಿಗಲ್ಲನ್ನು, ಅಂದರೆ ಸ್ಲೇಟು ಮಾಡುವ ಕರಿಗಲ್ಲನ್ನು, ಹೆರೆಯುತ್ತದೆ. ಮಿರಜ ಕಡೆಯಲ್ಲಿ ಶಾಲೆಯ ಪಾಟಿ ಮಾಡುವ ಒಂದು ಕಾರಖಾನೆ ಮುಚ್ಚಿದಾಗ ಟ್ರಕ್ಕಿನಲ್ಲಿ ಹೇರಿಸಿ ತಂದಿದ್ದೆ. ಇಳಿಸಲು ಎಂಟು ಜನ ಬೇಕಾಯಿತು.

ಕೆಳಗೆ ಕಬ್ಬಿಣದ ಒಂದು ಹಾಸು. ಅದರ ಮೇಲೆ ಕಲ್ಲನ್ನು ಮಲಗಿಸಿ ನಾಲ್ಕೂ ಕಡೆ ಬಿಗಿಯಬೇಕು. ಮೇಲೆ ಅಡ್ಡಲಾಗಿ ಅಗಲವಾದ ಅಲಗು, ಅದು ಇದ್ದಲ್ಲೇ ಇರುತ್ತದೆ. ಮೋಟಾರು ಹಾಕಿದರೆ ಹಾಸೇ ಕಲ್ಲನ್ನು ಹೊತ್ತುಕೊಂಡು ಅಲಗಿನ ಕೆಳಗೆ ಹೋಗಿ ಬರುತ್ತದೆ. ಒಂದೊಂದು ಸಲಕ್ಕೂ ಹಪ್ಪಳದಷ್ಟು ತೆಳ್ಳಗಿನ ಪದರು ಏಳುತ್ತದೆ. ಚಕ್ರ ತಿರುವಿ ಅಲಗನ್ನು ಒಂದು ಕೂದಲಷ್ಟು ಇಳಿಸುವುದು, ಮತ್ತೆ ಹೆರೆಯುವುದು. ಎಂಥ ಒರಟು ಕಲ್ಲೂ ಕೊನೆಗೆ ಅಂಗೈ ಜಾರುವಷ್ಟು ನುಣುಪಾಗುತ್ತದೆ. ಅಂಥ ಮಷೀನು ಈ ಸುತ್ತಿನಲ್ಲಿ ನನ್ನೊಬ್ಬನ ಹತ್ತಿರವೇ ಇತ್ತು. ಆ ಸೊಕ್ಕೂ ನನಗಿತ್ತು.

ರಾಯಬಾಗದ ಕಡೆ, ಕೃಷ್ಣೆಯ ದಂಡೆಗೆ ಒಂದು ಊರು. ಹೆಸರು ಬೇಡ. ಅಲ್ಲಿಯ ಗುಡಿಯ ನೆಲಕ್ಕೆ ಪಾಟಿಗಲ್ಲು ಹಾಸಿದ್ದರು, ಒಂದೊಂದು ಕಲ್ಲಿನ ಮೇಲೂ ಒಂದೊಂದು ಹೆಸರು. ನಮ್ಮ ಕಡೆಯ ಗುಡಿಗಳಲ್ಲಿ ನೀವೂ ನೋಡಿರಬಹುದು: ಕಲ್ಲು ಕೊಟ್ಟವರು ಹೆಸರನ್ನು ಗೋಡೆಗೆ ಹಾಕಿಸುವುದಿಲ್ಲ, ನೆಲಕ್ಕೆ ಹಾಕಿಸುತ್ತಾರೆ. ಬಂದುಹೋಗುವ ಭಕ್ತರ ಪಾದ ಅದರ ಮೇಲೆ ಬೀಳಬೇಕು. ಸತ್ತವರ ಹೆಸರಿನಲ್ಲಿ ಕೊಟ್ಟ ಕಲ್ಲುಗಳೇ ಹೆಚ್ಚು. ಎಣ್ಣೆ, ನೀರು, ಬಿಸಿಲು ಉಂಡು ಆ ಕಲ್ಲುಗಳು ಪದರು ಬಿಟ್ಟು ಏಳತೊಡಗಿದ್ದವು, ಬರಿಗಾಲಿಗೆ ಚುಚ್ಚುತ್ತಿದ್ದವು. ಎಲ್ಲವನ್ನೂ ಕಿತ್ತು ಚಿಕ್ಕೋಡಿಗೆ ತಂದು, ಹೆರೆದು, ಅವೇ ಹೆಸರುಗಳನ್ನು ಮತ್ತೆ ಕೆತ್ತಿ ಕೊಡುವ ಕೆಲಸ ನನಗೆ ಬಂತು. ಅರವತ್ಮೂರು ಕಲ್ಲು.

ಗುಡಿಯ ಕಮಿಟಿಯಲ್ಲಿ ಒಬ್ಬರು, "ಹೆಸರ ಅದಲು ಬದಲ ಆದ್ರ ಏನ್ ಮಾಡೋದು?" ಎಂದು ಕೇಳಿದರು. ಕಮಿಟಿಯ ಹಿರಿಯರು ಬಾಳಕಾಕಾ, ನನ್ನ ತಂದೆಯ ಕಾಲದಿಂದ ನಮ್ಮನ್ನು ಬಲ್ಲವರು. "ಏ, ದಸ್ತಗೀರನ ಕೈ ತಪ್ಪಂಗಿಲ್ಲೋ. ಅದಕ್ಕ ನಾ ಜವಾಬ್ದಾರ," ಎಂದರು. ನಾನು ಅಲ್ಲೇ ಕೂತಿದ್ದೆ. ಆ ಮಾತು ನೇರವಾಗಿ ತಲೆಗೇರಿತು.

ಕೆಲಸಕ್ಕೆ ನನ್ನದೊಂದು ಕ್ರಮವಿತ್ತು. ಮೊದಲು ಕಲ್ಲನ್ನು ತೊಳೆಯುವುದು. ಹೆಸರಿನ ಮೇಲೆ ತೆಳು ಕಾಗದ ಹಾಸಿ ಇದ್ದಿಲು ಉಜ್ಜುವುದು. ಅಕ್ಷರ ಬೆಳ್ಳಗೆ ಮೂಡುತ್ತದೆ. ಕಾಗದಕ್ಕೊಂದು ನಂಬರು, ಕಲ್ಲಿನ ಬೆನ್ನಿಗೆ ಅದೇ ನಂಬರು. ಆಮೇಲೇ ಕಲ್ಲು ಮಷೀನಿಗೆ. ಎರಡು ದಿನ ಹಾಗೇ ನಡೆಯಿತು. ಮೂರನೆಯ ದಿನ ಬಾಳಕಾಕಾ ತಮ್ಮ ಬೀಗರನ್ನು ಕರೆದುಕೊಂಡು ಬಂದರು, ಕಾಗವಾಡದ ದ್ರಾಕ್ಷಿ ತೋಟದವರು. ಅವರಿಗೆ ಮಷೀನು ನೋಡಬೇಕಂತೆ. ನನಗೆ ಇನ್ನೇನು ಬೇಕು! ಕೈಗೆ ಸಿಕ್ಕ ಕಲ್ಲನ್ನು ಹಾಸಿನ ಮೇಲೆ ಬಿಗಿದೆ. ಅದರ ಮೇಲೆ ಎಣ್ಣೆಯ ಜಿಡ್ಡು, ಮಣ್ಣು. ಕೆಳಗೆ ಅಕ್ಷರ ಇದ್ದದ್ದು ಕಂಡಿತು. ಕಾಗದ ತೆಗೆದಾಗಿದೆ ಎಂದುಕೊಂಡೆ. ತೊಳೆಯದ ಕಲ್ಲಿನ ಕಾಗದ ಹೇಗೆ ತೆಗೆದಿರುತ್ತೇನೆ — ಅಷ್ಟೂ ಹೊಳೆಯಲಿಲ್ಲ. ಬೆನ್ನು ತಿರುವಿ ನಂಬರು ನೋಡಲಿಲ್ಲ. ನೋಡಲು ಎಷ್ಟು ಹೊತ್ತು ಬೇಕಿತ್ತು...

"ನೋಡ್ರಿ ಮಾಮಾ, ಬೆಣ್ಣಿ ತಗದಂಗ ತಗೀತೈತಿ," ಎಂದು ಮೋಟಾರು ಹಾಕಿದೆ.

ನಾಲ್ಕು ಸಲ ಹೋಗಿ ಬಂತು. ಬೀಗರು ಒಂದು ಪದರನ್ನು ಕೈಯಲ್ಲಿ ಹಿಡಿದು ನೋಡಿ, "ಭಾರಿ ಐತಿ ಬಿಡ್ರಿ," ಎಂದು ಹೊರಗೆ ಎಸೆದರು.

ವಾರದ ಕೊನೆಗೆ ಕಾಗದಗಳನ್ನು ಎಣಿಸಿದಾಗ ಅರವತ್ತೆರಡು ಇದ್ದವು. ಮತ್ತೆ ಎಣಿಸಿದೆ. ಬೆನ್ನಿಗೆ ನಂಬರಿಲ್ಲದ ಕಲ್ಲು ಒಂದು ಸಿಕ್ಕಿತು, ಕನ್ನಡಿಯಂತೆ ಹೊಳೆಯುತ್ತಿತ್ತು. ಹಿತ್ತಲಿನ ಚೂರುಗಳನ್ನು ಎರಡು ದಿನ ಕೆದರಿದೆ. ನೀರು ಬಿದ್ದು ಎಲ್ಲಾ ಕರಿ ರಾಡಿಯಾಗಿತ್ತು.

ಊರಿಗೆ ಹೋಗಿ, "ಒಂದ ಹೆಸರ ಹೋಗೇತ್ರಿ," ಎಂದಿದ್ದರೆ ಅರ್ಧ ದಿನದಲ್ಲಿ ಯಾರ ಹೆಸರೆಂದು ಗೊತ್ತಾಗುತ್ತಿತ್ತು. ಹೋಗಲಿಲ್ಲ. ಬಾಳಕಾಕಾ ನಾಲ್ಕು ಜನರ ಮುಂದೆ ಆಡಿದ ಮಾತು ಸುಳ್ಳಾಗಬಾರದು ಎಂದು ನನಗೆ ನಾನೇ ಹೇಳಿಕೊಂಡೆ. ಅದೂ ಸುಳ್ಳೇ. ಕೆಡಬಾರದೆಂದು ನಾನು ಕಾಯುತ್ತಿದ್ದದ್ದು ನನ್ನ ಹೆಸರನ್ನು. ಆ ಕಲ್ಲಿನ ಮೇಲೆ "ಸದ್ಭಕ್ತರು" ಎಂದು ಕೆತ್ತಿದೆ. ಯಾರೂ ತಕರಾರು ಎತ್ತಲಾಗದ ಮಾತು. ಕೆತ್ತಿ ಮುಗಿಸಿದಾಗ ನನ್ನ ಬುದ್ಧಿವಂತಿಕೆಗೆ ನಾನೇ ಮೆಚ್ಚಿಕೊಂಡೆ — ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೆ ಮೆಚ್ಚಿಕೊಂಡದ್ದು ನಿಜ.

ಕಲ್ಲುಗಳನ್ನು ಹಾಸಿ ಮುಗಿಸಿದ ಮರುದಿನ ಗಂಗವ್ವ ಬಂದಳು. ಅರವತ್ತರ ಆಸುಪಾಸಿನ ಹೆಂಗಸು. ಹರೆಯವೆಲ್ಲ ನಿಪ್ಪಾಣಿಯ ವಖಾರಿಯಲ್ಲಿ, ತಂಬಾಕಿನ ಗೋದಾಮಿನಲ್ಲಿ, ದುಡಿದು, ಈಗ ಮಗನೊಂದಿಗೆ ಊರಲ್ಲಿದ್ದವಳು. ಹಾಸುವಾಗ ಗೌಂಡಿಗಳು ಕಲ್ಲುಗಳನ್ನು ಹಿಂದೆ ಮುಂದೆ ಮಾಡಿದ್ದರು. ಆಕೆಗೆ ತನ್ನ ಕಲ್ಲು ಎಲ್ಲಿದೆಯೆಂದು ತಿಳಿಯಲಿಲ್ಲ.

"ತಮ್ಮಾ, ನಮ್ಮ ಚಂಪಾನ ಕಲ್ಲ ಎಲ್ಲಿ ಹಾಕೀರಿ? ನನಗ ಓದಾಕ ಬರಂಗಿಲ್ಲಪ. ಮೊದಲ ಬಾವಿ ಕಡೆ ಬಾಗಲದಾಗ ಇತ್ತು."

ಅರವತ್ತೆರಡು ಹೆಸರೂ ನನಗೆ ಬಾಯಿಪಾಠವಾಗಿದ್ದವು. ಅವುಗಳಲ್ಲಿ ಚಂಪಾ ಇರಲಿಲ್ಲ.

ಚಂಪಾ ಆಕೆಯ ಮೊದಲ ಮಗಳು. ಏಳನೆಯ ವರ್ಷಕ್ಕೆ ಜ್ವರ ಬಂದು ಹೋದಳು. ಶಾಲೆಗೆ ಹೆಸರು ಹಚ್ಚಿರಲಿಲ್ಲ. ಒಂದು ಫೋಟೊ ತೆಗೆಸಿರಲಿಲ್ಲ. ಹುಡುಗಿಯ ಕಾಲಿನ ಬೆಳ್ಳಿ ಚೈನು ಕೊಟ್ಟು ಗಂಗವ್ವ ಆ ಕಲ್ಲು ಹಾಕಿಸಿದ್ದಳು. ಚಂಪಾ ಎಂಬ ಹುಡುಗಿ ಒಬ್ಬಳಿದ್ದಳು ಎಂದು ಈ ಭೂಮಿಯ ಮೇಲೆ ಬರೆದಿದ್ದ ಜಾಗ ಅದೊಂದೇ. ಇದನ್ನೆಲ್ಲ ಆಕೆ ಅಲ್ಲೇ ನಿಂತು ನನಗೆ ಹೇಳಿದಳು, ಸಹಜವಾಗಿ, ಅಳದೆ.

ಆಗಲೂ ಹೇಳಬಹುದಿತ್ತು. ನಾನು ಆಕೆಯನ್ನು ಕರೆದುಕೊಂಡು ಹೋಗಿ "ಸದ್ಭಕ್ತರು" ಕಲ್ಲನ್ನು ತೋರಿಸಿದೆ. "ಇದ ನೋಡ್ರಿ ಆಯಿ." ಆಕೆ ಕೂತು ಅಕ್ಷರಗಳ ಮೇಲೆ ಬೆರಳು ಆಡಿಸಿದಳು. "ಚಲೋ ಆಳ ಕೆತ್ತೀದಿ. ಮೊದಲಿಂದು ಅಳಿಸಿ ಹೋಗಾಕತ್ತಿತ್ತು," ಎಂದಳು. ಆಮೇಲೆ ಕೇಳಿದಳು: "ತಮ್ಮಾ, ನನಗ ಇಷ್ಟ ಅಕ್ಷರ ಬರಿಯೋದ ಕಲಸತೀ ಏನು? ಬ್ಯಾರೆ ಏನೂ ಬ್ಯಾಡ. ಇಷ್ಟ ಸಾಕು."

ಕಲಿಸಿದೆ. ಹೌದು, ಕಲಿಸಿದೆ. ಸಂತೆಗೆಂದು ಗುರುವಾರ ಚಿಕ್ಕೋಡಿಗೆ ಬಂದಾಗಲೆಲ್ಲ ಗಂಗವ್ವ ನನ್ನ ಅಂಗಡಿಯ ಕಟ್ಟೆಯ ಮೇಲೆ ಕೂರುತ್ತಿದ್ದಳು. ಅದೇ ಮಷೀನಿನಲ್ಲಿ ಹೆರೆದ ಒಂದು ಪಾಟಿಗೆ ಚೌಕಟ್ಟು ಹಾಕಿ ಕೊಟ್ಟಿದ್ದೆ. ಆ ನಾಲ್ಕು ಅಕ್ಷರ ಸುಲಭದವಲ್ಲ, ಎರಡಕ್ಕೆ ಒತ್ತಕ್ಷರವಿದೆ. ತಂಬಾಕು ಬಡಿದು ಗಡುಸಾದ ಆ ಬೆರಳುಗಳು ಬಳಪ ಹಿಡಿಯಲೇ ತಿಂಗಳು ಬೇಕಾಯಿತು. ಆಮೇಲೆ ಮಾತ್ರ ನೋಡದೆ ಬರೆಯತೊಡಗಿದಳು. ಬರೆದು, "ಚಂಪಾ," ಎಂದು ಓದುತ್ತಿದ್ದಳು. ಆಕೆಯ ಮನೆಯಲ್ಲಿ ಓದಬಲ್ಲವರು ಯಾರೂ ಇರಲಿಲ್ಲ. ನಾನು ತಲೆಯಾಡಿಸುತ್ತಿದ್ದೆ.

ಎರಡು ವರ್ಷದ ಮೇಲೆ ಮೊಮ್ಮಗಳನ್ನು ಶಾಲೆಗೆ ಹಚ್ಚುವ ದಿನ ಬಂತು. ಮೊಮ್ಮಗಳಿಗೂ ಚಂಪಾ ಎಂದೇ ಹೆಸರಿಟ್ಟಿದ್ದರು. ಮಕ್ಕಳನ್ನು ಕರೆತಂದ ತಂದೆತಾಯಿಗಳಿಂದ ಕೋಣೆ ತುಂಬಿತ್ತು. ಮಾಸ್ತರರು ಹುಡುಗಿಯ ಹೆಸರು ಕೇಳಿದರು. ಗಂಗವ್ವ, "ನಾನ ಬರದ ತೋರಸ್ತೀನ್ರಿ," ಎಂದು ಎದ್ದುಹೋಗಿ, ಸೀಮೆಸುಣ್ಣ ತೆಗೆದುಕೊಂಡು, ಕರಿಹಲಗೆಯ ಮೇಲೆ ದೊಡ್ಡದಾಗಿ ಬರೆದಳು. ಮಾಸ್ತರರು ಓದಿ ಕೈಮುಗಿದು, "ಸದ್ಭಕ್ತರು ಬಂದಾರ, ಕುರ್ಚಿ ಕೊಡ್ರಿ ಯಾರರೆ," ಎಂದರಂತೆ. ಕೋಣೆಯೆಲ್ಲ ನಕ್ಕಿತಂತೆ. ಮುಂದೆ ಎಷ್ಟೋ ದಿನ ಊರಲ್ಲಿ ಆಕೆಯನ್ನು ಕಂಡವರೆಲ್ಲ, "ಸದ್ಭಕ್ತರು ಎತ್ತಾಗ ಹೊಂಟಾರ?" ಎನ್ನುತ್ತಿದ್ದರು.

ಆ ಗುರುವಾರ ಗಂಗವ್ವ ಪಾಟಿ ಹಿಡಿದುಕೊಂಡು ಬಂದಳು. ಜಗಳಕ್ಕೆ ಬಂದಳೆಂದೇ ತಿಳಿದೆ. ಆಕೆಗೆ ನನ್ನ ಮೇಲೆ ಒಂದಿಷ್ಟೂ ಅನುಮಾನವಿರಲಿಲ್ಲ.

"ಎಲ್ಲೋ ತಪ್ಪಿದ್ನೋ ತಮ್ಮಾ. ಇನ್ನೊಮ್ಮೆ ತೋರಸು."

ಸರಿಯಾದ ಹೆಸರು ಕಲಿಸಿದರೆ ಅದು ಕಲ್ಲಿಗೆ ಹೊಂದುವುದಿಲ್ಲ. ಕಲ್ಲಿನದನ್ನೇ ಮತ್ತೆ ಕಲಿಸಿದರೆ ಊರು ಮತ್ತೆ ನಗುತ್ತದೆ. ಆಗ ನಾನು ಅಂದ ಮಾತು ಇದು, ಒಂದಕ್ಷರವೂ ಮರೆತಿಲ್ಲ:

"ಪಕ್ಕದ ಕಲ್ಲಿನ ಅಕ್ಷರ ನಿಮ್ಮ ತಲ್ಯಾಗ ಕುಂತಾವ್ರಿ ಆಯಿ. ವಯಸ್ಸಾತು, ಮರತೀರಿ. ಬಿಡ್ರಿ, ಈ ವಯಸ್ಸಿಗೆ ಯಾಕ ಬೇಕ ಇದೆಲ್ಲ?"

"ಹೌದಪಾ. ನನ್ನ ತಲೀನ ಅಷ್ಟ," ಎಂದು ಆಕೆ ಪಾಟಿಯನ್ನು ಕಟ್ಟೆಯ ಮೇಲೆ ಇಟ್ಟು ಬಸ್ಸಿಗೆ ಹೋದಳು. ಮತ್ತೆ ಬರೆಯಲಿಲ್ಲ. ಹೆಸರನ್ನು ಹೆರೆದದ್ದಕ್ಕಿಂತ ಇದು ದೊಡ್ಡ ಪಾಪ ಎಂದು ನನಗೆ ಆ ಹೊತ್ತಿಗೇ ಗೊತ್ತಿತ್ತು. ಎದ್ದು ಬಸ್ ಸ್ಟ್ಯಾಂಡಿನವರೆಗೆ ಹೋಗಿದ್ದರೆ...

ಹೋಗಲಿಲ್ಲ. ಅದಾಗಿ ಹನ್ನೆರಡು ವರ್ಷ.

ಈ ವರ್ಷ ಗುಡಿಗೆ ಗ್ರಾನೈಟ್ ಹಾಕಿಸುವುದೆಂದು ಕಮಿಟಿ ನಿಶ್ಚಯಿಸಿತು. ಹಳೆಯ ಕಲ್ಲುಗಳನ್ನು ಕಿತ್ತು ಅವರವರ ಮನೆಯವರಿಗೇ ಕೊಡುವುದು. ಬಾಳಕಾಕಾ ಈಗಿಲ್ಲ, ಅವರ ಮಗ ಫೋನ್ ಮಾಡಿ, "ನೀವ ಬಂದ ಒಂದೊಂದ ಹೆಸರ ಓದಿ ಕೊಟ್ಟಬಿಡ್ರಿ, ನಿಮ್ಮ ಕೆತ್ತನಿ ನಿಮಗ ಗೊತ್ತಿರತೈತಿ," ಎಂದ. ಊರೆಲ್ಲ ಸೇರುತ್ತದೆ. ಗಂಗವ್ವನೂ ಬರುತ್ತಾಳೆ. ಆಕೆಯ ಮೊಮ್ಮಗಳು ಈಗ ಚಿಕ್ಕೋಡಿಯಲ್ಲಿ ಕಾಲೇಜು ಓದುವವಳು, ಒಂದೊಂದು ಕಲ್ಲನ್ನೂ ಓದಿ ನೋಡುವವಳು. ಸಿಕ್ಕಿಬೀಳುವ ಹೆದರಿಕೆಗೇ ನಾನು ಮೊದಲೇ ಹೋಗಿ ಹೇಳಿದೆ ಎಂದು ನೀವು ಅಂದರೆ ನಾನು ಇಲ್ಲ ಎನ್ನಲಾರೆ.

ಕಳೆದ ಭಾನುವಾರ ಬೆಳಿಗ್ಗೆ ಹೋದೆ. ಗಂಗವ್ವ ಪಡಸಾಲೆಯಲ್ಲಿ ಕೂತು ಶೇಂಗಾ ಸುಲಿಯುತ್ತಿದ್ದಳು. ಮೊಮ್ಮಗಳು ಬಾಗಿಲಲ್ಲಿ ನಿಂತಿದ್ದಳು. ಮಷೀನಿನಿಂದ ಹಿಡಿದು ಪಾಟಿಯವರೆಗೆ ಎಲ್ಲವನ್ನೂ ಹೇಳಿದೆ. ಆಕೆಯ ಕೈ ನಿಂತಿತು. ಕಲ್ಲಿನ ವಿಷಯ ಕೇಳುತ್ತಾಳೆ, ಮಗಳ ಹೆಸರಿನ ವಿಷಯ ಕೇಳುತ್ತಾಳೆ ಎಂದುಕೊಂಡಿದ್ದೆ.

"ಹಂಗಾರ ನಾ ಮರತಿರಲಿಲ್ಲ?" ಎಂದಳು.

"ಇಲ್ರಿ ಆಯಿ. ನಾ ಕಲಿಸಿದಂಗ ಬರದಿದ್ರಿ. ಸುಳ್ಳ ಕಲಸಿದಾಂವ ನಾ."

"ಬ್ಯಾಂಕಿನ್ಯಾಗ ಹೆಬ್ಬಟ್ಟ ಒತ್ತುವಾಗೆಲ್ಲ ಅಂದ್ಕೋತಿದ್ನಿ, ಗಂಗೀ, ನಿನ್ನ ತಲ್ಯಾಗ ಸೆಗಣಿ ತುಂಬೇತಿ ಅಂತ. ಹನ್ನೆರಡ ವರ್ಷ."

ನಾನು ಕ್ಷಮೆ ಕೇಳಿದೆ. ಆಕೆ ಕಲ್ಲು ತನ್ನದೇ ತಾನೇ ಎಂದು ಕೇಳಿದಳು. ಹೌದು, ಉಳಿದ ಅರವತ್ತೆರಡಕ್ಕೂ ಕಾಗದಗಳಿವೆ ಎಂದೆ. ಮತ್ತೆ ಹೆಸರು ಕೆತ್ತಿಕೊಡುತ್ತೇನೆ ಎಂದು ಬಾಯಿ ತೆರೆದೆ.

"ನೀ ಮುಟ್ಟಬ್ಯಾಡ," ಎಂದಳು. "ಕಲ್ಲ ಮನೀಗೆ ತರ್ತೀವಿ. ಬ್ಯಾರೆದವ್ರ ಕೈಲೆ ಕೆತ್ತಸ್ತೀವಿ."

ನನ್ನ ಕೈಯ ಬಗ್ಗೆ ಇಷ್ಟು ವರ್ಷಗಳಲ್ಲಿ ಯಾರೂ ಹಾಗೆ ಅಂದಿರಲಿಲ್ಲ. ನನಗೆ ಸಲ್ಲಬೇಕಾದದ್ದೇ. ಎದ್ದು ಅಂಗಳಕ್ಕೆ ಇಳಿದಾಗ ಆಕೆ ಹಿಂದಿನಿಂದ ಕರೆದಳು.

"ಅವತ್ತ ಸಾಲ್ಯಾಗ ನಕ್ಕಾರಲ್ಲ, ಅವರಿಗೆ ಹೇಳು. ನನಗ ಹೇಳಿದ್ರ ಏನ ಬಂತು?"

ಆ ಮಾಸ್ತರರು ಯಾವತ್ತೋ ವರ್ಗವಾಗಿ ಹೋಗಿದ್ದಾರೆ. ಅಂದು ಕೋಣೆಯಲ್ಲಿದ್ದವರು ಅಥಣಿಗೋ ಸಾಂಗ್ಲಿಗೋ ಎಲ್ಲೆಲ್ಲೋ ಚದುರಿದ್ದಾರೆ, ಕೆಲವರು ತೀರಿಕೊಂಡಿದ್ದಾರೆ. ಊರಲ್ಲಿ ಉಳಿದವರ ಮನೆ ಮನೆಗೆ ಹೋಗಿ ಹೇಳಿ ಬಂದೆ. ಊರು ಬಿಟ್ಟು ಹೋದವರಿಗಾಗಿ ಇದನ್ನು ಬರೆದಿದ್ದೇನೆ. ನಿಮ್ಮಲ್ಲಿ ಯಾರಾದರೂ ಆ ದಿನ ಅಲ್ಲಿದ್ದಿದ್ದರೆ, ನಕ್ಕಿದ್ದರೆ — ಗಂಗವ್ವ ಕರಿಹಲಗೆಯ ಮೇಲೆ ಬರೆದ ನಾಲ್ಕು ಅಕ್ಷರಗಳಲ್ಲಿ ಒಂದೂ ತಪ್ಪಿರಲಿಲ್ಲ.