ಬಾತುಕೋಳಿಗಳ ತೌಡಣ್ಣ
ಬಾತುಕೋಳಿ ಶೆಡ್ಡಿನಲ್ಲಿ ಮೇವು ಕಲಸುವ ಅವನ ನಿಜವಾದ ಹೆಸರು ಸಂಬಳ ಕೊಡುವವರಿಗೂ ಮರೆತುಹೋಗಿದೆ. ಎಲ್ಲರ ಬಾಯಲ್ಲೂ ಅವನು ತೌಡಣ್ಣ. ಮೊಣಕೈವರೆಗೂ ತೌಡು, ಹುಬ್ಬಿನ ಮೇಲೂ ತೌಡು, ಸೀನಿದರೆ ಒಂದು ಹಿಡಿ ಉದುರೀತು. ಮೇವಿನ ಹಿಟ್ಟಿಗೆ ತೌಡು, ಹೊಟ್ಟು, ಹೆಚ್ಚಿದ ಸೊಪ್ಪು ಬೆರೆಸದೆ ಬಕೆಟ್ ಎತ್ತುವ ಜಾಯಮಾನವೇ ಅವನದಲ್ಲ. "ಹೊಟ್ಟು ತಿಂದು ಯಾವ ಬಾತು ದಪ್ಪ ಆಗುತ್ತಯ್ಯಾ?" ಎಂದು ಯಜಮಾನರು ರೇಗಿದರೆ, "ದಪ್ಪ ಆಗೋಕಲ್ಲ ಸ್ವಾಮಿ, ನೆಮ್ಮದಿಗೆ. ಹೊಟ್ಟೇಲಿ ನಾರಿದ್ರೆ ಒಂದರ ಪುಕ್ಕ ಇನ್ನೊಂದು ಕೀಳಲ್ಲ" ಎನ್ನುತ್ತಾನೆ. ಲೋಕದ ಜಗಳವೆಲ್ಲ ನಾರಿನ ಕೊರತೆಯಿಂದಲೇ ಎಂಬುದು ಅವನ ಸಿದ್ಧಾಂತ. ಹೆಂಡತಿಯ ಮೇಲೆ ದೂರು ಹೇಳಿಕೊಂಡ ಮೊಟ್ಟೆ ಲಾರಿಯ ಡ್ರೈವರನಿಗೂ, "ಇಬ್ಬರೂ ಕೂತು ಸೊಪ್ಪು ತಿನ್ನಿ, ಸರಿಹೋಗುತ್ತೆ" ಎಂದಿದ್ದ. "ನಿಮ್ಮನೇಲಿ ಜಗಳಾನೇ ಇಲ್ವೇನಣ್ಣ?" ಎಂದು ಡ್ರೈವರ್ ಕೇಳಿದಾಗ ಮಾತ್ರ ತೌಡಣ್ಣ ಬಕೆಟ್ಟಿನತ್ತ ನೋಡುತ್ತ, "ಇಲ್ಲಪ್ಪ" ಎಂದ. ಮೇವು ಸಿದ್ಧವಾಗಿ, ಬಕೆಟ್ಟಿನ ಅಂಚಿಗೆ ಸೌಟು ಬಡಿದು "ಬನ್ನಿ, ಬನ್ನಿ" ಎಂದನೆಂದರೆ ಇಡೀ ಶೆಡ್ಡೇ ಓಲಾಡುತ್ತ ಓಡಿಬರುತ್ತದೆ. ಸಂಜೆ ತನ್ನ ಕೋಣೆಯಲ್ಲಿ ಒಬ್ಬನೇ ಊಟ ಬಡಿಸಿಕೊಂಡಾಗಲೂ ಆ ಕೈ ತಾನಾಗಿಯೇ ತಟ್ಟೆಯ ಅಂಚಿಗೆ ಸೌಟು ಬಡಿಯುತ್ತದೆ. ಆಮೇಲೆ ತೌಡಣ್ಣ ತುತ್ತೆತ್ತದೆ ಸ್ವಲ್ಪ ಹೊತ್ತು ಬಾಗಿಲನ್ನೇ ನೋಡುತ್ತಾನೆ.