ನೆಲ ನೋಡಿ ನಡೆದ ಹೆಲೆನ್ ಬಾಯಿ

ಹೆಲೆನ್ ಬಾಯಿ ಯಾರ ಮುಖವನ್ನೂ ಮೊದಲು ನೋಡುತ್ತಿರಲಿಲ್ಲ. ಮೊದಲು ನೋಡುತ್ತಿದ್ದುದು ಕಾಲನ್ನು. ಕಾಲು ಎದುರಿಗಿಲ್ಲದಿದ್ದರೆ ಅದು ಬಿಟ್ಟುಹೋದ ಗುರುತನ್ನು. ದೋಹಾದ ನಮ್ಮ ಆಫೀಸಿನಲ್ಲಿ ಮಾಲೀಕರ ಕೋಣೆಯ ಮುಂದೆ ದಪ್ಪನೆಯ ಕಾರ್ಪೆಟ್ ಹಾಸಿತ್ತು. ಬೆಳಿಗ್ಗೆ ಕ್ಲೀನರ್ ವ್ಯಾಕ್ಯೂಮ್ ಹೊಡೆದು ಹೋದ ಮೇಲೆ ಅದರ ಮೇಲೆ ಯಾರು ನಡೆದರೂ ಹೆಜ್ಜೆ ಮೂಡುತ್ತಿತ್ತು. ಬಾಯಿ ಕೈಯಲ್ಲಿ ಚಹಾ ಹಿಡಿದುಕೊಂಡೇ ಒಂದು ಸಲ ಬಗ್ಗಿ ನೋಡುವರು. "ಅರ್ಬಾಬ್ ಬಂದಾಯ್ತು. ಹಿಮ್ಮಡಿ ಒತ್ತಿ ನಡೆದಿದ್ದಾರೆ ನೋಡು. ಇವತ್ತು ರಜೆ ಕೇಳ್ಲಿಕ್ಕೆ ಹೋಗ್ಬೇಡ ಮಾರಾಯ." ಅರ್ಬಾಬ್ ಎಂದರೆ ನಮ್ಮ ಕತಾರಿ ಮಾಲೀಕರು. ಒಮ್ಮೆ ಈ ಮಾತನ್ನು ಕಿವಿಗೆ ಹಾಕಿಕೊಳ್ಳದೆ ಒಳಗೆ ಹೋಗಿ ಚೆನ್ನಾಗಿ ಬೈಸಿಕೊಂಡು ಬಂದೆ. ಆಮೇಲೆ ಬಾಯಿಯವರನ್ನು ಕೇಳದೆ ಆ ಬಾಗಿಲು ತಟ್ಟಿದವನಲ್ಲ.

ನಮ್ಮ ದಕ್ಷಿಣ ಕನ್ನಡದ ಕಡೆ ಕ್ರೈಸ್ತ ಹೆಂಗಸರನ್ನು ಗೌರವದಿಂದ ಬಾಯಿ ಎನ್ನುವುದು ರೂಢಿ. ಹೆಲೆನ್ ಬಾಯಿ ಬೆಳ್ತಂಗಡಿ ಕಡೆಯವರು, ಅರ್ಬಾಬರ ಸೆಕ್ರೆಟರಿ. ವಯಸ್ಸು ಅರವತ್ತರ ಹತ್ತಿರ. ಗಿಡ್ಡ ಆಳು, ಗಟ್ಟಿ ಗಂಟಲು. ಸಲ್ವಾರಿನ ಕೆಳಗೆ ಕ್ಯಾನ್ವಾಸ್ ಶೂ. ಮದುವೆಯಾಗಿರಲಿಲ್ಲ. ಯಾಕೆ ಎಂದು ಕೇಳಿದವರಿಗೆ, "ಬಂದವರೆಲ್ಲ ಮುಖಕ್ಕೆ ಪೌಡರ್ ಹಾಕಿಕೊಂಡು ಬಂದ್ರು, ಚಪ್ಪಲಿ ಉಜ್ಜಿಕೊಂಡು ಬರ್ಲಿಲ್ಲ" ಎಂದು ಹೇಳಿ ತಾವೇ ಮೊದಲು ನಗುತ್ತಿದ್ದರು. ದೋಹಾದ ಬಿನ್ ಒಮ್ರಾನ್ ಬಡಾವಣೆಯ ಸಣ್ಣ ಫ್ಲ್ಯಾಟಿನಲ್ಲಿ ಒಬ್ಬರೇ ಇದ್ದರು. ಇಲ್ಲಿ ವಾರದ ರಜೆ ಶುಕ್ರವಾರ; ಬೇರೆಯವರು ಅಂದು ಬೆಳಿಗ್ಗೆ ಇಗರ್ಜಿಗೆ ಹೋದರೆ ಇವರು ಹಿಂದಿನ ಸಂಜೆಯೇ ಪೂಜೆ ಮುಗಿಸಿಕೊಳ್ಳುವರು. ಶುಕ್ರವಾರವನ್ನು ಮಜ್ರಾಕ್ಕೆ ಮೀಸಲಿಟ್ಟಿದ್ದರು.

ಮಜ್ರಾ ಎಂದರೆ ಅರ್ಬಾಬರ ತೋಟ. ದೋಹಾದಿಂದ ಉತ್ತರಕ್ಕೆ, ಹೆದ್ದಾರಿ ಬಿಟ್ಟು ಮರಳಿನ ಹಾದಿಯಲ್ಲಿ ಒಂದಿಷ್ಟು ಒಳಗೆ. ಖರ್ಜೂರದ ಸಾಲು, ಆಡಿನ ದೊಡ್ಡಿ, ಅದರಾಚೆ ವಿಶಾಲವಾದ ತಂತಿಬೇಲಿಯೊಳಗೆ ರೀಮ್‌ಗಳ ಹಿಂಡು. ರೀಮ್ ಅಂದರೆ ಈ ಮರಳುಗಾಡಿನ ಜಿಂಕೆ, ಮರಳಿನದೇ ಬಣ್ಣ. ಅವುಗಳನ್ನು ಇಲ್ಲಿ ಬೇಟೆಯಾಡುವಂತಿಲ್ಲ. ಅರ್ಬಾಬರು ಪ್ರೀತಿಗಾಗಿ ಸಾಕಿದ್ದರು. ಚಳಿಗಾಲದಲ್ಲಿ ಆಫೀಸಿನವರಿಗೆ ಅಲ್ಲಿ ಶುಕ್ರವಾರದ ಊಟ. ಉಳಿದವರು ಮಜ್ಬೂಸ್ ಎಂಬ ಮಾಂಸದನ್ನದ ತಟ್ಟೆಯ ಸುತ್ತ ಕೂತರೆ ಬಾಯಿ ಬೇಲಿಯ ಬುಡದಲ್ಲಿ ಸೊಂಟ ಬಗ್ಗಿಸಿ ಸುತ್ತುತ್ತಿದ್ದರು.

"ಎಂತ ಬಿದ್ದುಹೋಯ್ತು ಬಾಯಿ?" ಎಂದು ನಾನು ಕೇಳಿದ್ದೇ ನನ್ನ ಶಿಕ್ಷಣದ ಆರಂಭ.

"ಬಿದ್ದದ್ದಲ್ಲ, ಬರೆದದ್ದು. ಬಾ ಇಲ್ಲಿ. ಕೂತ್ಕೋ. ನಿಂತು ನೋಡಿದ್ರೆ ಎಂತ ಕಾಣ್ತದೆ ನಿಂಗೆ?"

ನಾನು ಸುರತ್ಕಲ್‌ನವನು. ಸಮುದ್ರ ನೋಡಿ ಬೆಳೆದವನಿಗೆ ಕಾಡೂ ಗೊತ್ತಿಲ್ಲ, ಜಿಂಕೆಯೂ ಗೊತ್ತಿಲ್ಲ. ಬಾಯಿಯವರಿಗೆ ಅದು ರಕ್ತದಲ್ಲೇ ಬಂದಿತ್ತು. ಅವರ ಅಪ್ಪ ದೊಡ್ಡ ಷಿಕಾರಿ. ಗಂಡುಮಕ್ಕಳಿಗೆ ತಾಳ್ಮೆಯಿಲ್ಲವೆಂದು ಮಗಳನ್ನೇ ಕರೆದುಕೊಂಡು ಹೋಗುತ್ತಿದ್ದರಂತೆ. ಕಡವೆ, ಕಾಡುಕುರಿ, ಹಂದಿ ಎಲ್ಲದರ ಹೆಜ್ಜೆ, ಹಿಕ್ಕೆ, ಮೈಯುಜ್ಜಿದ ಮರ, ಮಲಗಿ ಎದ್ದ ಹುಲ್ಲು, ಒಂದೊಂದನ್ನೂ ತೋರಿಸಿ ಹೇಳಿಕೊಟ್ಟಿದ್ದರಂತೆ. "ಆಗಲೂ ಕಾನೂನು ಇತ್ತಲ್ಲ ಬಾಯಿ?" ಎಂದರೆ, "ಇತ್ತು ಮಾರಾಯ, ನಮ್ಮ ಗುಡ್ಡ ಹತ್ತಿ ಬರ್ಲಿಕ್ಕೆ ಅದಕ್ಕೆ ತಡ ಆಯ್ತು" ಎನ್ನುತ್ತಿದ್ದರು. ನಾಚಿಕೆ ಗೀಚಿಕೆ ಏನಿಲ್ಲ. ಕಡವೆಯ ಮಾಂಸದ ರುಚಿಯನ್ನು ಹೇಳುವಾಗ ಅವರ ಕಣ್ಣು ಅರ್ಧ ಮುಚ್ಚುತ್ತಿತ್ತು.

ಮೊದಲ ತಿಂಗಳು ನಾನು ಆಡಿನ ಹೆಜ್ಜೆಯನ್ನೇ ರೀಮ್ ಎಂದು ತೋರಿಸಿ ಉಗಿಸಿಕೊಂಡೆ. "ಆಡಿನ ಗೊರಸಿನ ತುದಿ ಮೊಂಡು. ಇದರದ್ದು ನೋಡು, ಎರಡು ಬಾದಾಮಿ ಪಕ್ಕಪಕ್ಕ ಇಟ್ಟ ಹಾಗೆ, ತುದಿ ಚೂಪು." ಹಿಂಗಾಲಿನ ಗುರುತು ಮುಂಗಾಲಿನದಕ್ಕಿಂತ ಹೊರಗೆ ಬಿದ್ದರೆ ಹೆಚ್ಚಾಗಿ ಹೆಣ್ಣು, ಸೊಂಟ ಅಗಲ. ಉಚ್ಚೆ ಹಿಂಗಾಲಿನ ಹಿಂದೆ ಬಿದ್ದರೆ ಹೆಣ್ಣು, ಮುಂದೆ ಬಿದ್ದರೆ ಗಂಡು. ಕಲ್ಲು ಮಗುಚಿ ಹಸಿ ಬದಿ ಮೇಲೆ ಬಂದಿದ್ದರೆ ಈಗಷ್ಟೇ ಏನೋ ದಾಟಿದೆ. ಇದೆಲ್ಲಕ್ಕಿಂತ ಅವರು ಮತ್ತೆ ಮತ್ತೆ ಹೇಳಿದ್ದು ಒಂದು ಮಾತು: "ಷಿಕಾರಿ ಪ್ರಾಣಿಯನ್ನು ಹುಡುಕೂದಲ್ಲ ಹರೀಶ. ಅದಕ್ಕೆ ಈಗ ಎಂತ ಬೇಕಾಗಿದೆ ಅಂತ ಹುಡುಕೂದು. ನೀರಾ, ನೆರಳಾ, ಹೆದರಿಕೆಯಾ? ಅದು ಗೊತ್ತಾದ್ರೆ ಪ್ರಾಣಿ ತಾನೇ ಸಿಗ್ತದೆ." ಇನ್ನೊಂದು ಮಾತೂ ಇತ್ತು. ಗಾಯವಾದ ಪ್ರಾಣಿ ಹಿಂಡಿನೆದುರು ಕುಂಟುವುದಿಲ್ಲ, ನೋವು ಬಚ್ಚಿಡುತ್ತದೆ, ಆದರೆ ನೆಲದಿಂದ ಬಚ್ಚಿಡಲು ಆಗುವುದಿಲ್ಲ. ಒಂದು ಗೊರಸು ಆಳಕ್ಕೆ, ಇನ್ನೊಂದು ತೇಲಿ. ಅದನ್ನು ಅವರು ಮರಳಿನ ಮೇಲೆ ಎರಡು ಬೆರಳು ಒತ್ತಿ ತೋರಿಸಿದ್ದರು.

ಆ ಹಿಂಡನ್ನು ನೋಡಿಕೊಳ್ಳುತ್ತಿದ್ದವನು ಇದ್ರೀಸ್, ಸುಡಾನಿನ ಎತ್ತರದ ಆಳು. ಮಾತು ಕಡಿಮೆ. ಒಂದೊಂದು ರೀಮ್‌ಗೂ ಹೆಸರಿಟ್ಟಿದ್ದ. ಬಾಯಿಯನ್ನು ಮಾಮಾ, ಅಂದರೆ ಅಮ್ಮ, ಎಂದು ಕರೆದು, ಹೋದ ತಕ್ಷಣ ಹಾಲಿಲ್ಲದ ಸುಲೈಮಾನಿ ಚಹಾ ಮಾಡಿಕೊಡುತ್ತಿದ್ದ.

ಒಂದು ಶುಕ್ರವಾರ ನಾವು ತಲುಪುವಾಗ ಮಜ್ರಾದಲ್ಲಿ ಗಲಾಟೆ. ಬೆಳಿಗ್ಗೆ ದಟ್ಟ ಮಂಜು ಬಿದ್ದಿತ್ತು; ಈಗ ಬಿಸಿಲು ಏರಿ ಒಣಗಾಳಿ ಬೀಸುತ್ತಿತ್ತು. ತೋಟದ ಮ್ಯಾನೇಜರ್ ಬಶೀರಾಕ, ನಮ್ಮ ಉಪ್ಪಿನಂಗಡಿಯವರೇ, ಬೇಲಿಯ ಹತ್ತಿರ ತಲೆ ಹಿಡಿದುಕೊಂಡು ನಿಂತಿದ್ದರು. ಹೆಣ್ಣು ರೀಮ್ ಒಂದು ಕಾಣೆ. ಇದ್ರೀಸ್ ಹೇಳುವುದು ಒಂದೇ ಮಾತು: ನಿನ್ನೆ ಸಂಜೆ ಮೇವು ಹಾಕುವಾಗ ಎಲ್ಲವೂ ಇದ್ದವು.

"ಪಕ್ಕದ ಮಜ್ರಾದಲ್ಲಿ ಹೀಗೇ ಆಯ್ತು ಬಾಯಿ. ಕಾಯುವವನೇ ಮಾರಿದ್ದ," ಎಂದರು ಬಶೀರಾಕ. "ಜುಮ್ಮಾ ಮುಗಿಸಿ ಅರ್ಬಾಬ್ ಬರ್ತಾರೆ. ಅವರಿಗೆ ನಾನು ಎಂತ ಹೇಳ್ಲಿ? ಇವನು ಸುಳ್ಳು ಹೇಳಿದ್ದು ಹೌದಾದ್ರೆ ಖಲಾಸ್, ಟಿಕೆಟ್ ಮಾಡಿಸಿ ಊರಿಗೆ ಕಳಿಸೂದೇ."

"ಸುಳ್ಳೋ ಸತ್ಯವೋ ನಾನು ಹೇಳ್ತೇನೆ. ನೀವು ಆ ಕಡೆ ನಡೆದು ಹೆಜ್ಜೆ ಹಾಳು ಮಾಡ್ಬೇಡಿ," ಎಂದರು ಹೆಲೆನ್ ಬಾಯಿ. ಡಾಕ್ಟರು ವಾರ್ಡಿಗೆ ಬಂದ ಹಾಗೆ ಬಂದರು ನೋಡಿ, ಬಶೀರಾಕರೇ ಪಕ್ಕಕ್ಕೆ ಸರಿದು ದಾರಿ ಬಿಟ್ಟರು.

ಗಾಳಿಗೆ ಮರಳು ಸರಿದು ಬೇಲಿಯ ಕೆಳಗೆ ಒಂದು ಕಡೆ ಕಂಡಿ ಬಿದ್ದಿತ್ತು. ತಂತಿಯಲ್ಲಿ ನಾಲ್ಕು ಕೂದಲು. ಆಚೆ ಬದಿ ಹೆಜ್ಜೆ. ಒಂದಿಷ್ಟು ದೂರದಲ್ಲಿ ಹಿಕ್ಕೆ. ಬಾಯಿ ಮಂಡಿಯೂರಿ ನೋಡಿದರು. ಹಿಕ್ಕೆಗಳು ಹೊಳಪಿಲ್ಲದೆ, ಮೈಯೆಲ್ಲ ಬಿರುಕು ಬಿಟ್ಟು ಒಣಗಿದ್ದವು. ಅವರು ಎದ್ದು ಕೈ ಕೊಡವಿಕೊಂಡು, ಒಂದಿಷ್ಟೂ ಅನುಮಾನವಿಲ್ಲದೆ ಹೇಳಿದರು: "ಇದು ಇವತ್ತಿನದ್ದಲ್ಲ, ನಿನ್ನೆಯದ್ದೂ ಅಲ್ಲ. ಮೂರು ನಾಲ್ಕು ದಿನ ಆಗಿದೆ ಹೋಗಿ."

"ಹಾಗಾದ್ರೆ ನಿನ್ನೆ ಸಂಜೆ ಇತ್ತು ಅಂದದ್ದು?" ಬಶೀರಾಕ ಇದ್ರೀಸನತ್ತ ತಿರುಗಿದರು. ಅವನಿಗೆ ಕನ್ನಡ ಎಲ್ಲಿ ಬರಬೇಕು! ಆದರೂ ಅರ್ಥವಾಗಿ ಹೋಯಿತು. "ವಲ್ಲಾಹಿ, ಮಾಮಾ," ಎಂದು ಒಂದೇ ಸಲ ದೇವರಾಣೆ ಹಾಕಿ ಮರಳಿನ ಮೇಲೆ ಕುಸಿದು ಕೂತ. ಮಾತನಾಡಿದ್ದು ಬಶೀರಾಕರಾದರೂ ಅವನು ನೋಡಿದ್ದು ಹೆಲೆನ್ ಬಾಯಿಯನ್ನು. ಬಾಯಿ ಹೇಳಿದ ಮೇಲೆ ಇನ್ನು ಅಪೀಲಿಲ್ಲ ಎಂಬುದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು.

ಬಶೀರಾಕ ಫೋನ್ ತೆಗೆದರು. ಬಾಯಿ ಮಾತ್ರ ಅಲ್ಲಿಂದ ಕದಲಲಿಲ್ಲ. ಮತ್ತೆ ಹೆಜ್ಜೆಯ ಬಳಿ ಕೂತು ಅದರ ಅಂಚಿನ ಮೇಲೆ ಬೆರಳಾಡಿಸಿದರು.

"ಹರೀಶ, ಇಲ್ಲಿ ಬಾ. ಈ ಗಾಳಿಗೆ ನಾಲ್ಕು ದಿನ ಅಂಚು ಹೀಗೆ ಚೂಪಾಗಿ ನಿಲ್ತದಾ? ಹೆಜ್ಜೆ ಒಂದು ಹೇಳ್ತದೆ, ಹಿಕ್ಕೆ ಇನ್ನೊಂದು ಹೇಳ್ತದೆ. ಎಲ್ಲೋ ನಾನು ಎಡವಿದೆ ಮಾರಾಯ. ಬಶೀರ್, ಫೋನ್ ಒಳಗಿಡಿ! ಅರ್ಬಾಬ್ ಬರ್ಲಿಕ್ಕೆ ಇನ್ನೂ ಹೊತ್ತುಂಟು."

ಆಮೇಲೆ ಅವರು ಮಾಡಿದ್ದನ್ನು ನೋಡಿ ಬಶೀರಾಕರಿಗೆ ತಲೆ ಕೆಟ್ಟಿರಬೇಕು. ಚಹಾ ಬೇಕೆಂದು ನನ್ನಿಂದ ತರಿಸಿಕೊಂಡು, ಬೇಲಿಯೊಳಗೆ ಹೋಗಿ, ಹಿಂಡಿನ ಹತ್ತಿರ ಕಲ್ಲಿನ ಮೇಲೆ ಕೂತುಬಿಟ್ಟರು. ಒಂದು ರೀಮ್ ಬಾಲ ಎತ್ತಿ ಹಿಕ್ಕೆ ಹಾಕುವವರೆಗೆ ಕಾದರು. ಹಾಕಿದ ತಕ್ಷಣ ಹೋಗಿ ಅದರ ಪಕ್ಕದಲ್ಲೇ ಕೂತರು. ಕಪ್ಪಗೆ, ಎಣ್ಣೆ ಸವರಿದ ಹಾಗೆ ಹೊಳೆಯುತ್ತಿತ್ತು. ಒಂದು ಗ್ಲಾಸು ಚಹಾ ಮುಗಿಯುವಷ್ಟರಲ್ಲಿ ಹೊಳಪು ಹೋಯಿತು. ಎರಡನೆಯದು ಮುಗಿಯುವಾಗ ಮೈಮೇಲೆ ಸಣ್ಣ ಬಿರುಕು. ಬಿಸಿಲಿಗೂ ಒಣಗಾಳಿಗೂ ಎಷ್ಟು ಹೊತ್ತು ಬೇಕು!

"ಜೆಜು!" ಎಂದು ಯೇಸುವನ್ನು ಕರೆದು, ಹಣೆ ಬಡಿದುಕೊಂಡು ಎದ್ದರು. ಸೀದಾ ಬೇಲಿಯಾಚೆಯ ಹಿಕ್ಕೆಯ ಬಳಿಗೆ ಬಂದು ಒಂದನ್ನು ಉಗುರಿನಿಂದ ಸೀಳಿದರು. ಹೊರಗೆ ಒಣಕಲು. ಒಳಗೆ ಹಸಿರು, ಒದ್ದೆ.

"ಬೆಳ್ತಂಗಡಿಯಲ್ಲಿ ಒಡೆದು ನೋಡುವ ಕೆಲಸವೇ ಇರ್ಲಿಲ್ಲ. ಆ ತಂಪಿಗೆ ದಿನ ಕಳೆದ್ರೂ ಹೊಳೀತಿತ್ತು. ಅಲ್ಲಿನ ಕಣ್ಣನ್ನು ಇಲ್ಲಿಗೆ ತಂದು ಒಬ್ಬನ ಅನ್ನ ಕೀಳ್ತಿದ್ದೆ ನಾನು." ಹಾಗೆಂದು ಅವರು ಎಲ್ಲರೆದುರೇ ಇದ್ರೀಸನ ಮುಂದೆ ಹೋಗಿ ನಿಂತರು. "ಅನಾ ಗಲ್ತಾನಾ," ಎಂದರು. ತಪ್ಪು ನನ್ನದು. ದನಿ ತಗ್ಗಿಸಲಿಲ್ಲ, ಕಾರಣ ಹೇಳಲಿಲ್ಲ. ತೀರ್ಪು ಹೇಳುವಾಗ ಎಷ್ಟು ಗಟ್ಟಿಯಾಗಿ ಹೇಳಿದ್ದರೋ ಅಷ್ಟೇ ಗಟ್ಟಿಯಾಗಿ ಹೇಳಿದರು. ಅಂಥ ಧೈರ್ಯವನ್ನು ನಾನು ನಮ್ಮ ಆಫೀಸಿನ ಯಾವ ದೊಡ್ಡವರಲ್ಲೂ ಕಂಡಿಲ್ಲ.

ಇನ್ನು ಉಳಿದದ್ದು ರೀಮ್ ಹೋದದ್ದು ಯಾವಾಗ ಎಂಬುದು. ಅದನ್ನು ಮಂಜು ಹೇಳಿತು. ಬೆಳಗಿನ ಮಂಜಿನ ಹನಿ ಬಿದ್ದು ಮರಳಿನ ಮೇಲೆ ಹಪ್ಪಳದಂಥ ತೆಳು ಪದರ ಕಟ್ಟಿತ್ತು. ಇದ್ರೀಸನ ನಿನ್ನೆಯ ಚಪ್ಪಲಿ ಗುರುತಿನ ಮೇಲೂ ಆ ಪದರ ಇತ್ತು. ರೀಮ್‌ನ ಹೆಜ್ಜೆ ಮಾತ್ರ ಪದರವನ್ನು ಒಡೆದುಕೊಂಡು ಇಳಿದಿತ್ತು. "ಮಂಜು ಬಿದ್ದ ಮೇಲೆ ಹೋದದ್ದು, ಇವತ್ತೇ ಬೆಳಿಗ್ಗೆ. ಇದ್ರೀಸ್ ಹೇಳಿದ್ದೇ ಸತ್ಯ. ಯಲ್ಲಾ, ನಡಿ ಹರೀಶ, ಈಗ ಅದಕ್ಕೆ ಎಂತ ಬೇಕಾಗಿತ್ತು ಹೇಳು."

ಹಿಂಗಾಲುಗಳು ಹೊರಗೆ ಅಗಲವಾಗಿ ಬಿದ್ದಿದ್ದವು. ಅಲ್ಲಲ್ಲಿ ನಿಂತಿದೆ, ಒಂದು ಕಡೆ ಮಲಗಿ ಎದ್ದಿದೆ. "ಅದು ಬಸುರಿ, ಬಾಯಿ! ಹಿಂಡು ಬಿಟ್ಟು ಒಂಟಿ ಜಾಗ ಹುಡುಕ್ತಿದೆ," ಎಂದೆ. ಮುಂದೆ ಕಲ್ಲುನೆಲ ಬಂದು ಹೆಜ್ಜೆ ಮಾಯವಾಯಿತು. ಬಾಯಿ ಕೈಕಟ್ಟಿ ನಿಂತು ನನ್ನನ್ನೇ ನೋಡಿದರು. ನಾನು ಮಂಡಿಯೂರಿ ಹುಡುಕಿದೆ. ಬಿಳಿ ಕಲ್ಲುಗಳ ನಡುವೆ ಒಂದೇ ಒಂದು ಕಲ್ಲು ಮಗುಚಿ, ಅದರ ಕಂದು ಬದಿ ಮೇಲಿತ್ತು. ಅದರ ನೇರಕ್ಕೆ ಇನ್ನೊಂದು. ಹೇಳಿಕೊಳ್ಳಲು ನನಗೇನೂ ಸಂಕೋಚವಿಲ್ಲ, ಆ ದಾರಿ ಹಿಡಿದವನು ನಾನೇ. ತಗ್ಗಿನಲ್ಲಿ ಒಂದು ಬೋರೆಗಿಡ. ಅದರ ಪಕ್ಕದಲ್ಲಿ ತಾಯಿ ನಿಂತಿತ್ತು. ನಮ್ಮನ್ನು ಕಂಡೂ ಓಡಲಿಲ್ಲ.

"ಸಾಕು, ಮುಂದೆ ಹೆಜ್ಜೆ ಇಡ್ಬೇಡ," ಎಂದು ಬಾಯಿ ನನ್ನ ಅಂಗಿ ಹಿಡಿದೆಳೆದರು. ಬಹಳ ಹೊತ್ತು ನೋಡಿದ ಮೇಲೆ ಗಿಡದ ಬುಡದಲ್ಲಿ ಮರಳಿನದೇ ಒಂದು ತುಂಡು ಕಿವಿ ಅಲ್ಲಾಡಿಸಿತು. ಮರಿ. ಅರ್ಬಾಬ್ ಬರುವಷ್ಟರಲ್ಲಿ ಬಶೀರಾಕ ಇದ್ರೀಸನನ್ನು ತಬ್ಬಿಕೊಂಡು ಮಾಫಿ ಕೇಳಿ ಆಗಿತ್ತು. ಆ ಮರಿಗೆ ಇದ್ರೀಸ್ ಇಟ್ಟ ಹೆಸರು ಹೀಲಿನ್. ಹೆಲೆನ್ ಅನ್ನಲು ಅವನಿಗೆ ಬಂದದ್ದು ಅಷ್ಟೇ.

ಮರುವರ್ಷದ ಚಳಿಗಾಲದಲ್ಲಿ ಬಾಯಿ ರಾಜೀನಾಮೆ ಕೊಟ್ಟರು. "ಸಾಕಾಯ್ತು ಮಾರಾಯ, ಎಷ್ಟು ವರ್ಷ ಅಂತ ಅರ್ಬಾಬನ ಕಾರ್ಪೆಟ್ ಓದೂದು?" ಮಂಗಳೂರಿನಲ್ಲಿ ತಂಗಿಯ ಜೊತೆ ಇರುತ್ತೇನೆಂದರು. ಹೋಗುವ ಮೊದಲಿನ ಶುಕ್ರವಾರ ಮಜ್ರಾಕ್ಕೆ ಹೋದೆವು. ಹಿಂದಿನ ದಿನ ಜೋರು ಮಳೆ ಬಂದು ರೀಮ್‌ಗಳ ಬೇಲಿಯೊಳಗಿನ ತಗ್ಗು ಜಾಗವೆಲ್ಲ ಕೆಸರು. ಬಾಯಿ ಒಂದು ಕೋಲು ಹಿಡಿದುಕೊಂಡಿದ್ದರು. "ಚೇಳಿಗೆ" ಎಂದರು. "ನೀನು ಮುಂದೆ ನಡಿ, ಹಿಂದೆ ತಿರುಗ್ಬೇಡ. ನಿನ್ನ ಹೆಜ್ಜೆ ಹೇಗುಂಟು ನಾನು ನೋಡ್ತೇನೆ." ನಾನು ಮುಂದೆ ನಡೆದೆ. ನನ್ನ ಎಡಗಾಲು ಸೋಮಾರಿ, ಹೊಟ್ಟೆ ಬಂದಿದೆ, ಆಫೀಸಿನ ನಡಿಗೆ ಎಂದು ಹಿಂದಿನಿಂದ ದಾರಿಯುದ್ದಕ್ಕೂ ಗೇಲಿ. ನಾನು ನಗುತ್ತಲೇ ಹೋದೆ. ಹಿಂದೆ ತಿರುಗಲಿಲ್ಲ.

ಅವರು ಹೋಗಿ ಕೆಲವು ತಿಂಗಳಾದ ಮೇಲೆ ಒಬ್ಬನೇ ಮಜ್ರಾಕ್ಕೆ ಹೋದೆ. ಇದ್ರೀಸ್ ಚಹಾ ಕೊಟ್ಟು, ಬಾ ಎಂದು ಸನ್ನೆ ಮಾಡಿ ಅಂದು ನಾವು ನಡೆದ ತಗ್ಗಿಗೆ ಕರೆದೊಯ್ದ. ಕೆಸರು ಒಣಗಿ ಇಟ್ಟಿಗೆಯಂತಾಗಿತ್ತು. ಅದರ ಮೇಲೆ ಕ್ಯಾನ್ವಾಸ್ ಶೂವಿನ ಸಾಲು ಹೆಜ್ಜೆ. ರೀಮ್‌ಗಳು ತುಳಿಯದಂತೆ ಅವುಗಳ ಸುತ್ತ ಅವನು ಕಲ್ಲು ಜೋಡಿಸಿ ಇಟ್ಟಿದ್ದ. "ಮಾಮಾ," ಎಂದು ತೋರಿಸಿ ಎದೆಯ ಮೇಲೆ ಕೈ ಇಟ್ಟುಕೊಂಡ.

ಅವರು ಕಲಿಸಿದಂತೆಯೇ ಕೂತು ನೋಡಿದೆ. ಎಡ ಹೆಜ್ಜೆ ಆಳಕ್ಕೆ ಇಳಿದಿತ್ತು. ಬಲದ್ದು ತೇಲಿ, ತುದಿ ಎಳೆದುಕೊಂಡು ಬಂದ ಗೆರೆ. ಪ್ರತಿ ಬಲ ಹೆಜ್ಜೆಯ ಜೊತೆಗೂ ಕೋಲು ಊರಿದ ತೂತು. ಯಾವ ಚೇಳು? ಯಾವ ಕಾರ್ಪೆಟ್? ಎರಡೂ ನೆಪ. ಅಲ್ಲಿಂದಲೇ ಫೋನ್ ಮಾಡಿದೆ.

"ಬಾಯಿ, ಬಲಗಾಲು ಯಾವಾಗಿಂದ ಹೀಗೆ?"

"ಯಾರು ಹೇಳಿದ್ದು ನಿಂಗೆ?"

"ಯಾರೂ ಹೇಳ್ಲಿಲ್ಲ. ನಿಮ್ಮ ಹೆಜ್ಜೆಯ ಮುಂದೆ ಕೂತಿದ್ದೇನೆ. ಇದ್ರೀಸ್ ಸುತ್ತ ಕಲ್ಲು ಕಟ್ಟಿ ಕಾದಿಟ್ಟಿದ್ದಾನೆ."

ಗಟ್ಟಿ ಗಂಟಲಿನ ಆ ನಗು ಬಂತು, ನಡುವೆ ಒಂದು ಕಡೆ ಒಡೆಯಿತು. "ಅಂತೂ ಓದ್ಲಿಕ್ಕೆ ಕಲಿತೆ ಮಾರಾಯ. ಆ ಮರುಳನಿಗೆ ಹೇಳು, ಕಲ್ಲು ತೆಗೀಲಿಕ್ಕೆ. ಅದು ರೀಮ್ ನಡೆಯುವ ದಾರಿ."

ನಾನು ನನ್ನ ಹರಕು ಅರಬ್ಬಿಯಲ್ಲಿ ಹಾಗೇ ಹೇಳಿದೆ. ಇದ್ರೀಸ್ ಪೂರ್ತಿ ಕೇಳಿಸಿಕೊಂಡ. "ಲಾ" ಎಂದ. ಆಗುವುದಿಲ್ಲ. ಆಚೆ ಹೋಗಿ ಇನ್ನೊಂದು ಕಲ್ಲು ಹೊತ್ತು ತಂದು, ಸಾಲಿನಲ್ಲಿ ತೆರವಿದ್ದ ಕಡೆ ಇಟ್ಟ.