ಕೆಂಪು ದಾರದ ತನಕ

ದೆವ್ವ, ಮಾಟ, ಪವಾಡ ಯಾವುದನ್ನೂ ನಾನು ನಂಬಿದವಳಲ್ಲ. ಯಾರಾದರೂ ಹುಣಸೆ ಮರದಲ್ಲಿ ಏನೋ ಕಂಡೆ ಎಂದರೆ, ನಿನ್ನೆ ಏನು ತಿಂದಿದ್ದೆ ಎಂದು ಕೇಳುತ್ತಿದ್ದೆ. ಈಗಲೂ ಹಾಗೆಯೇ ಕೇಳುತ್ತೇನೆ. ಆದರೆ ಹಾಡುಹಗಲಲ್ಲಿ, ನಾನು ಕೂತಿದ್ದ ಲಾರಿಯೇ ಮಾಡಿದ ಕೆಲಸಕ್ಕೆ ಇವತ್ತಿಗೂ ನನ್ನ ಹತ್ತಿರ ಉತ್ತರವಿಲ್ಲ. ನೀವು ನಂಬದಿದ್ದರೆ ನನಗೇನೂ ಬೇಸರವಿಲ್ಲ.

ಪೊಲೀಸ್ ಆ್ಯಕ್ಷನ್ ನಡೆದು ನಿಜಾಮನ ಆಳ್ವಿಕೆ ಮುಗಿದು ಕೆಲವು ವರ್ಷಗಳಾಗಿದ್ದವು. ನಮ್ಮ ಸೀಮೆ ಯಾವ ರಾಜ್ಯಕ್ಕೆ ಸೇರಬೇಕೆಂದು ಗಂಡಸರು ಚಹಾದಂಗಡಿಯಲ್ಲಿ ಜಗಳಾಡುತ್ತಿದ್ದ ಕಾಲ. ನನ್ನ ಯಜಮಾನರು ಉದಗೀರದ ಒಬ್ಬ ಧಾನ್ಯದ ಸಾಹುಕಾರರ ಲಾರಿ ಓಡಿಸುತ್ತಿದ್ದರು. ದೇವಣಿ, ನಿಲಂಗಾ ಹಾದು ಉಮರ್ಗಾಕ್ಕೆ ಮಾಲು ಮುಟ್ಟಿಸಬೇಕು. ಒಮ್ಮೊಮ್ಮೆ ಅಲ್ಲಿಂದ ಸೊಲ್ಲಾಪುರಕ್ಕೂ ಹೋಗಬೇಕು. ಪೆಟ್ರೋಲ್ ಪಂಪು ಇದ್ದದ್ದು ಉದಗೀರದಲ್ಲಿ, ಬಿಟ್ಟರೆ ಉಮರ್ಗಾದಲ್ಲಿ. ನಡುವೆ ನಿಲಂಗಾದಲ್ಲಿ ಒಬ್ಬ ಅಂಗಡಿಯವನು ಡಬ್ಬಿಯಲ್ಲಿ ಮಾರುತ್ತಿದ್ದ. ಅವನು ಮಧ್ಯಾಹ್ನ ಮಲಗಿದನೆಂದರೆ ಎಬ್ಬಿಸುವ ಧೈರ್ಯ ಅವನ ಹೆಂಡತಿಗೂ ಇರಲಿಲ್ಲ.

ಪೆಟ್ರೋಲ್ ಎಷ್ಟಿದೆಯೆಂದು ತೋರಿಸುವ ಮುಳ್ಳು ಆ ಲಾರಿಯಲ್ಲಿ ಎಂದೋ ಕೆಟ್ಟಿತ್ತು. ಅದಕ್ಕೇ ಯಜಮಾನರು ಒಂದು ಬಿದಿರಿನ ಕೋಲು ಇಟ್ಟುಕೊಂಡಿದ್ದರು. ನಿಲಂಗಾ ದಾಟಿದ ಕೂಡಲೇ ರಸ್ತೆಯ ಪಕ್ಕ ಒಂದು ಬಾವಿ ಇತ್ತು. ಲಾರಿ ಅಲ್ಲಿ ನಿಲ್ಲಿಸಿ ಕೋಲನ್ನು ಪೆಟ್ರೋಲಿನ ಟಾಕಿಯಲ್ಲಿ ಅದ್ದಿ ತೆಗೆಯುವರು. ಕೋಲಿಗೆ ಕಟ್ಟಿದ ಕೆಂಪು ದಾರದ ತನಕ ಒದ್ದೆಯಾಗಿದ್ದರೆ ಉಮರ್ಗಾ ಮುಟ್ಟಬಹುದು. ಅದರ ಮೇಲಿನ ಬಿಳಿ ದಾರದ ತನಕ ಒದ್ದೆಯಾಗಿದ್ದರೆ ಸೊಲ್ಲಾಪುರ. ಕೆಂಪಿಗಿಂತ ಕೆಳಗಿದ್ದರೆ ಹಿಂದೆ ಹೋಗಿ ಡಬ್ಬಿಯವನನ್ನು ಎಬ್ಬಿಸಬೇಕು. ಬಾವಿಯ ಹತ್ತಿರವೇ ನಿಲ್ಲಲು ಇನ್ನೊಂದು ಕಾರಣವೂ ಇತ್ತು. ಸ್ನಾನ ಮಾಡಿ ಇಷ್ಟಲಿಂಗ ಪೂಜೆ ಮುಗಿಸದೆ ನಮ್ಮ ಮನೆಯಲ್ಲಿ ಯಾರೂ ಬಾಯಿಗೆ ನೀರು ಸಹ ಹಾಕುವುದಿಲ್ಲ. ಯಜಮಾನರ ಲೆಕ್ಕದಲ್ಲಿ ಲಾರಿಯ ಹಸಿವು, ತಮ್ಮ ಹಸಿವು ಎರಡಕ್ಕೂ ಅದೊಂದೇ ಜಾಗ.

ಆ ಸಲ ಅತ್ತೆ ಮತ್ತು ನಾನು ಲಾರಿಯಲ್ಲಿದ್ದೆವು. ಉಮರ್ಗಾಕ್ಕಿಂತ ಸ್ವಲ್ಪ ಮೊದಲು ಸಿಗುವ ತುರೋರಿ ನನ್ನ ತವರು. ಅಲ್ಲಿ ಬಸುರಿ ತಂಗಿಯ ಕುಬುಸ ಇತ್ತು. ಅದರ ಹಿಂದಿನ ವಾರವಷ್ಟೇ ಸಾಹುಕಾರರು ಯಜಮಾನರಿಗೆ ಖಡಾಖಡಿ ಹೇಳಿದ್ದರು: "ಇನ್ನೊಮ್ಮೆ ಹೊತ್ತು ಮುಳುಗಿದ ಮ್ಯಾಲ ಮಾಲು ಮುಟ್ಟಿತಂದ್ರ, ಗಾಡಿ ಕೀಲಿ ಇಲ್ಲಿಟ್ಟು ಮನೀಗಿ ಹೋಗ್." ಉಮರ್ಗಾದ ಗೋದಾಮಿನವರು ಹೊತ್ತು ಮುಳುಗಿದರೆ ಬಾಗಿಲು ಹಾಕುತ್ತಿದ್ದರು. ಆ ದಿನ ಚೀಲ ಹೇರುವುದೇ ತಡವಾಗಿ, ನಾವು ಬಾವಿ ಮುಟ್ಟುವಷ್ಟರಲ್ಲಿ ಮಧ್ಯಾಹ್ನ ಜಾರಿತ್ತು.

ಯಜಮಾನರ ಪೂಜೆ ಬೇಗ ಮುಗಿಯಿತು. ಅತ್ತೆಯದು ಮುಗಿಯಲೊಲ್ಲದು.

"ಅವ್ವಾ, ಹೊತ್ತು ಹೋಗಲಕತ್ತದ."

"ಹೊತ್ತು ಸಾಹುಕಾರಂದು, ಲಿಂಗ ನಂದು. ಸುಮ್ ಕೂಡ್."

ಅಂತೂ ಅತ್ತೆ ಎದ್ದರು. ಯಜಮಾನರು ಗಡಿಬಿಡಿಯಲ್ಲಿ ಕೋಲನ್ನು ಟಾಕಿಯಲ್ಲಿ ಅದ್ದಿ ತೆಗೆದರು. ಸರಿಯಾಗಿ ಕೆಂಪು ದಾರದ ತನಕ ಒದ್ದೆ! ಡಬ್ಬಿಯವನ ಕಾಟ ತಪ್ಪಿತೆಂದು ಖುಷಿಯಾಗಿ ಹೊರಟರು.

ಬಹಳ ದೂರ ಬಂದ ಮೇಲೆ ಅತ್ತೆ ರೊಟ್ಟಿಯ ಗಂಟು ಬಿಚ್ಚುತ್ತ ಹೇಳಿದರು: "ತಮ್ಮಾ, ಆ ಕೋಲು ಏನು ಹೊಲಸು ಮಾಡಿಟ್ಟಿದ್ಯೋ! ನನ್ನ ಪೂಜಿ ಗಂಟಿನ ಬಾಜೂಕೇ ಒಗದಿದ್ದಿ. ಛಲೋ ತೊಳದು ಇಟ್ಟೀನಿ ನೋಡು."

ಯಜಮಾನರ ಮುಖ ಸಣ್ಣದಾಯಿತು. "ಯಾವಾಗ ತೊಳದಿ?"

"ನೀ ಟಾಕ್ಯಾಗ ಹಾಕೂಕಿಂತ ಮೊದಲ."

"ಎಲ್ಲಿ ತನ ತೊಳದಿ?"

"ಕೆಂಪು ದಾರದ ತನ. ಅದರ ಮ್ಯಾಲ ಕೈಯಾಗ ಹಿಡದಿದ್ದೆ."

ಲಾರಿ ನಿಂತಿತು. ಕೋಲನ್ನು ಧೋತರದ ಚುಂಗಿನಿಂದ ಒರೆಸಿ ಮತ್ತೆ ಅದ್ದಿದರು. ತುದಿ ಮಾತ್ರ ಒದ್ದೆ, ಇರುವೆ ಕಾಲು ತೊಳೆಯುವಷ್ಟು. ಮೊದಲು ಅದ್ದಿದಾಗ ಕೆಂಪು ದಾರದ ತನಕ ಕಂಡದ್ದು ಆರದ ಬಾವಿಯ ನೀರು! ಯಜಮಾನರು ದಾರಿಯಲ್ಲೇ ಕುಕ್ಕರುಗಾಲಲ್ಲಿ ಕೂತುಬಿಟ್ಟರು. ನಿಲಂಗಾ ಹಿಂದೆ ದೂರ, ಉಮರ್ಗಾ ಮುಂದೆ ದೂರ.

"ಕೂತರ ಏನಾಗ್ತದ್ರೀ?" ಎಂದೆ. "ನಿಂದರೂ ತನಕ ಹೋಗೋಣ ನಡೀರಿ."

ಹೊರಟೆವು. ಸ್ವಲ್ಪ ದೂರಕ್ಕೆ ಇಂಜಿನ್ ಎರಡು ಸಲ ಕೆಮ್ಮಿ ಸತ್ತಿತು. ಅಲ್ಲಿ ಇಳಿಜಾರು ಇದ್ದುದರಿಂದ ಲಾರಿ ಉರುಳುತ್ತಲೇ ಇತ್ತು. ಯಜಮಾನರು ನೌಕರಿ ಮುಗಿದಂತೆಯೇ ಎಂದು ಕೀಲಿ ತೆಗೆದು ಮುಷ್ಟಿಯಲ್ಲಿ ಹಿಡಿದುಕೊಂಡರು. ಇಳಿಜಾರು ಮುಗಿದು ಒಂದು ಹಳ್ಳ ಬಂತು. ಅಲ್ಲಿ ನಿಲ್ಲಬೇಕಿತ್ತು. ನಿಲ್ಲಲಿಲ್ಲ. ಹಳ್ಳ ದಾಟಿ ಏರು ಹತ್ತಿತು.

ಇದನ್ನು ಹೇಗೆ ಹೇಳಲಿ? ಇಂಜಿನ್ನಿನ ಸದ್ದೇ ಇಲ್ಲ. ಹಿಂದೆ ಚೀಲಗಳು ಒಂದಕ್ಕೊಂದು ತಿಕ್ಕುವುದು ಕೇಳುತ್ತಿತ್ತು. ಹೊಲದಲ್ಲಿ ಹಕ್ಕಿ ಕೂಗುವುದು ಕೇಳುತ್ತಿತ್ತು. ಅತ್ತೆ ರೊಟ್ಟಿ ಅಗಿಯುವುದೂ ಕೇಳುತ್ತಿತ್ತು. ಯಜಮಾನರು ಎರಡೂ ಕಾಲು ಮೇಲೆತ್ತಿ ತೋರಿಸಿದರು. "ನೋಡ್, ನಾ ಏನೂ ಮಾಡವಲ್ಲೆ!"

"ಕಾಲು ಕೆಳಗಿಡು, ರೊಟ್ಟಿಗಿ ಬಡೀತಾವ," ಎಂದರು ಅತ್ತೆ.

ತುರೋರಿ ಬಂತು. ನನ್ನ ತಮ್ಮ ರಸ್ತೆಗೆ ಬಂದು ಕಾಯುತ್ತಿದ್ದ. ನಿಲ್ಲಿಸಿದರೆ ಮತ್ತೆ ಹೊರಡುವುದಿಲ್ಲ ಎಂಬ ಹೆದರಿಕೆಗೆ ಯಜಮಾನರು ಬ್ರೇಕು ಮುಟ್ಟಲಿಲ್ಲ. ತಮ್ಮ ಪಕ್ಕದಲ್ಲೇ ಓಡತೊಡಗಿದ.

"ಅಕ್ಕಾ, ಇಳೀ!"

"ನಿಲ್ಲಸಾಕ ಬರಂಗಿಲ್ಲೋ, ಗಾಡಿ ಬಂದ್ ಬಿದ್ದದ!"

"ಬಂದ್ ಬಿದ್ದ ಗಾಡಿ ಹೆಂಗ ಹೊಂಟಾದ?"

"ನಮಗೂ ತಿಳೀವಲ್ದು!"

ಅವನು ಓಡುವುದನ್ನು ಬಿಟ್ಟು ಸೊಂಟದ ಮೇಲೆ ಕೈಯಿಟ್ಟು ನಿಂತ. ನನ್ನ ತವರು ನನ್ನ ಕಣ್ಣೆದುರಿಗೇ ಹಿಂದೆ ಹೋಯಿತು.

ಉಮರ್ಗಾದ ಪಂಪಿನ ಮುಂದೆ ಲಾರಿ ತಾನಾಗಿಯೇ, ಮನೆಗೆ ಬಂದ ಎತ್ತಿನಂತೆ, ನಿಂತಿತು. ಪಂಪಿನವನು ಟಾಕಿಯೊಳಗೆ ಕೋಲು ಹಾಕಿ ತೆಗೆದು ನೋಡಿದ. "ಅರೇ, ಪೂರಾ ಖಾಲಿ ಅದಲ್ರೀ! ಧಕ್ಕಾ ಹೊಡ್ಕೊಂತ ತಂದ್ರೇನು?" ಯಜಮಾನರು ಅಂಗಿಯ ಕಿಸೆಯಿಂದ ದುಡ್ಡು ತೆಗೆದು ಎಣಿಸಿದರು. ಪೆಟ್ರೋಲ್ ಹಾಕಿಸಿ, ಕೀಲಿ ತಿರುವಿ, ಗೋದಾಮಿಗೆ ಹೋದೆವು. ಚೀಲ ಇಳಿಯುವಾಗ ಹೊತ್ತು ಇನ್ನೂ ಒಂದು ಮಾರು ಮೇಲಿತ್ತು. ಕೀಲಿ ಯಜಮಾನರ ಹತ್ತಿರವೇ ಉಳಿಯಿತು.

ಆ ರಾತ್ರಿ ತುರೋರಿಗೆ ಮರಳಿ ಬಂದು ಉಂಡ ಮೇಲೆ ಅವರು ಹೇಳಿದರು: "ಅವ್ವ ಬಿಳಿ ದಾರದ ತನ ತೊಳದಿದ್ದಳಂದ್ರ ಸೊಲ್ಲಾಪುರಾನೇ ಮುಟ್ಟತಿದ್ವಿ."

ಅದು ನಗೆಯ ಮಾತಲ್ಲವೆಂದು ನನಗೆ ತಿಳಿದದ್ದು ಮುಂದೆ. ಕೆಲವು ದಿನಗಳ ನಂತರ ಸೊಲ್ಲಾಪುರದ ಬಾಡಿಗೆ ಬಂದಾಗ ಅವರು ತಾಯಿಯನ್ನು ಪುಸಲಾಯಿಸಿ ಜೊತೆಗೆ ಕರೆದುಕೊಂಡು ಹೋದರು. ಬಾವಿಯ ಹತ್ತಿರ ಅತ್ತೆಯ ಕೈಯಿಂದಲೇ ಬಿಳಿ ದಾರದ ತನಕ ಕೋಲು ತೊಳೆಸಿದರು, ಡಬ್ಬಿಯವನ ಕಡೆ ತಿರುಗಿಯೂ ನೋಡಲಿಲ್ಲ. ಲಾರಿ ಅದೇ ಹಳ್ಳದಲ್ಲಿ ನಿಂತಿತು. ಎರಡು ಜೋಡಿ ದೇವಣಿ ತಳಿಯ ಎತ್ತು ಕಟ್ಟಿ ಎಳೆಸಬೇಕಾಯಿತು. ಪಕ್ಕದ ಊರಿನವರು ನಗುತ್ತಿದ್ದರೆ ಅತ್ತೆ ಕ್ಯಾಬಿನ್ನಿನಿಂದ ಇಳಿಯಲೇ ಇಲ್ಲವಂತೆ.

ಮನೆಗೆ ಬಂದ ಮೇಲೆ ಮಗನಿಗೆ ಇಷ್ಟೇ ಹೇಳಿದರು: "ಅವತ್ತ ಹೊಲಸಾಗಿತ್ತಂತ ತೊಳದಿದ್ದೆ. ಇವತ್ತ ನೀ ಹೇಳ್ದಿಯಂತ ತೊಳದೆ."

ಅದು ಉತ್ತರವೆಂದು ನನಗೆ ಅನ್ನಿಸಲಿಲ್ಲ. ಆಮೇಲೆ ಲಾರಿ ರಿಪೇರಿ ಮಾಡುವ ಮಿಸ್ತ್ರಿಗಳನ್ನು ಕೇಳಿದೆ. ಇಳಿಜಾರಿನ ಓಟ ಎಂದರು, ಹಿಂದಿನ ಗಾಳಿ ಎಂದರು. ಆ ಏರನ್ನು ನಾನು ತವರಿಗೆ ಹೋಗುವಾಗ ಎಷ್ಟೋ ಸಲ ನಡೆದು ಹತ್ತಿದ್ದೇನೆ. ಅದು ಏರು ಹೌದೋ ಅಲ್ಲವೋ ಎಂದು ನನ್ನ ಮೊಣಕಾಲುಗಳನ್ನು ಕೇಳಿದರೆ ಸಾಕು. ಇಂಜಿನ್ ಸತ್ತ ಲಾರಿ ಅದನ್ನು ಹತ್ತಿತು. ಕೋಲು ಸುಳ್ಳು ಹೇಳಿತ್ತು, ಉಮರ್ಗಾ ಎಂದಿತ್ತು. ಲಾರಿ ಉಮರ್ಗಾಕ್ಕೇ ಹೋಗಿ ನಿಂತಿತು, ಒಂದು ಮಾರು ಆಚೆಯೂ ಇಲ್ಲ, ಈಚೆಯೂ ಇಲ್ಲ.

ಯಜಮಾನರು ಆಮೇಲೆ ಲಾರಿ ಓಡಿಸಿದಷ್ಟು ಕಾಲ ಕೋಲನ್ನು ಒರೆಸಿಯೇ ಅದ್ದುತ್ತಿದ್ದರು, ಡಬ್ಬಿಯವನನ್ನು ಬೈಸಿಕೊಂಡೇ ಎಬ್ಬಿಸುತ್ತಿದ್ದರು. ಆದರೆ ಹೊಲಸಾದ ಕೋಲನ್ನು ಅತ್ತೆಯ ಪೂಜೆಯ ಗಂಟಿನ ಪಕ್ಕ, ಗೊತ್ತಿಲ್ಲದವರಂತೆ, ಬಿಸಾಡುವುದನ್ನು ಮಾತ್ರ ಬಿಡಲಿಲ್ಲ.